ಕಡಲಿನಲ್ಲಿ ಕಾಣೆಯಾದ ಹಡಗು, ವಿಮಾನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಬಗ್ಗೆ ಬರೆಯಲು ತೊಡಗಿದ ಮೇಲೆ ಓದುಗರ ಪತ್ರಗಳಲ್ಲಿ, ಕಾಲೇಜಿನ ಮಕ್ಕಳ ಜೊತೆಗಿನ ಮಾತುಕತೆಯಲ್ಲಿ, ಬಂದರಿನ ದಕ್ಕೆಯ ಮೇಲೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ‘ನಿಗೂಢ’ ಎಂದು ಷರಾ ಬರೆದು ಕಡತ ಮುಚ್ಚಿದರೆ ಕಾಣೆಯಾದವರಿಗೆ ಎರಡನೇ ಸಲ ಅನ್ಯಾಯವಾಗುತ್ತದೆ. ಅವಶೇಷ ಸಿಕ್ಕ ಕಡೆಯೆಲ್ಲ ಕಾರಣ ಈ ಲೋಕದ್ದೇ ಆಗಿತ್ತು. ಸಿಗದ ಕಡೆ ಹುಡುಕಾಟ ಇನ್ನೂ ಬಾಕಿಯಿದೆ, ಅಷ್ಟೆ.

## ಮೊದಲಿಗೆ ಕೇಳುವವು

ಇಷ್ಟೆಲ್ಲ ಉಪಗ್ರಹಗಳಿರುವಾಗ ಅಷ್ಟು ದೊಡ್ಡ ವಿಮಾನ, ಹಡಗು ಕಾಣೆಯಾಗುವುದಾದರೂ ಹೇಗೆ?

ಆಕಾಶದಿಂದ ಯಾರೋ ಸದಾ ನೋಡುತ್ತಿದ್ದಾರೆ ಎಂಬುದು ನಮ್ಮ ನಂಬಿಕೆ ಮಾತ್ರ. ರಾಡಾರ್ ನೆಲದ ಮೇಲಿನ ಯಂತ್ರ, ಭೂಮಿ ದುಂಡಗಿದೆ. ಎತ್ತರದಲ್ಲಿ ಹಾರುವ ವಿಮಾನವೂ ತೀರದಿಂದ ಸುಮಾರು 400 ಕಿ.ಮೀ. ದಾಟಿದ ಮೇಲೆ ರಾಡಾರಿನ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಂದಾಚೆ ವಿಮಾನವೇ ರೇಡಿಯೊ ಅಥವಾ ಉಪಗ್ರಹದ ಮೂಲಕ ‘ನಾನು ಇಲ್ಲಿದ್ದೇನೆ’ ಎಂದು ತಿಳಿಸುತ್ತಿರಬೇಕು. ಹಡಗಿನದ್ದೂ ಇದೇ ಕಥೆ. ಅಂತರರಾಷ್ಟ್ರೀಯ ಮಾರ್ಗದಲ್ಲಿ ಓಡುವ 300 ಟನ್‌ಗಿಂತ ದೊಡ್ಡ ಹಡಗುಗಳಲ್ಲಿ ತನ್ನ ಗುರುತು, ಸ್ಥಾನ, ವೇಗಗಳನ್ನು ಸಾರುವ ಎಐಎಸ್ ಉಪಕರಣ ಕಡ್ಡಾಯ. ಅದು ಕೆಟ್ಟರೆ, ಯಾರಾದರೂ ಆರಿಸಿದರೆ, ಹಡಗು ಮೂಕವಾಗುತ್ತದೆ.

ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳಾದರೂ ಹೆಚ್ಚಾಗಿ ನೆಲದ ಚಿತ್ರ ತೆಗೆಯುತ್ತವೆ, ನಡುಗಡಲಿನದ್ದಲ್ಲ. ಮುಳುಗಿದ ಮೇಲಂತೂ ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಉಪ್ಪುನೀರಿನೊಳಗೆ ರೇಡಿಯೊ ಅಲೆಗಳು ಸಾಗುವುದಿಲ್ಲ. ಬೆಳಕು ಕೆಲವು ನೂರು ಮೀಟರ್ ಇಳಿಯುವಷ್ಟರಲ್ಲಿ ಸಾಯುತ್ತದೆ. ಸಾಗರಗಳ ಸರಾಸರಿ ಆಳ ಸುಮಾರು 3,700 ಮೀಟರ್. ಆ ತಳದಲ್ಲಿ ವಿವರವಾದ ನಕ್ಷೆ ಸಿದ್ಧವಾಗಿರುವುದು ಕಾಲು ಭಾಗದಷ್ಟಕ್ಕೆ ಮಾತ್ರ.

ಬರ್ಮುಡಾ ತ್ರಿಕೋನದಲ್ಲಿ ನಿಜವಾಗಿ ಏನಿದೆ?

ಸಂಚಾರ ದಟ್ಟಣೆಯಿದೆ, ಗಲ್ಫ್ ಸ್ಟ್ರೀಮ್ ಎಂಬ ಬಲವಾದ ಪ್ರವಾಹವಿದೆ, ಚಂಡಮಾರುತಗಳ ದಾರಿಯಿದೆ. ಫ್ಲಾರಿಡಾ, ಬರ್ಮುಡಾ, ಪೋರ್ಟೊರಿಕೊ ನಡುವಿನ ಈ ಪ್ರದೇಶಕ್ಕೆ ಆ ಹೆಸರು ಬಿದ್ದದ್ದು 1964ರಲ್ಲಿ, ಅಮೆರಿಕದ ಒಂದು ಪತ್ರಿಕೆಯ ಲೇಖನದಿಂದ. ಅದಕ್ಕೆ ಮೊದಲು ಅಲ್ಲಿ ಹಡಗು ನಡೆಸುತ್ತಿದ್ದವರಿಗೆ ಅಂಥದ್ದೊಂದು ತ್ರಿಕೋನವೇ ಗೊತ್ತಿರಲಿಲ್ಲ. ಓಡಾಡುವ ಹಡಗುಗಳ ಸಂಖ್ಯೆಗೆ ಹೋಲಿಸಿದರೆ ಅಲ್ಲಿನ ಅಪಘಾತಗಳು ಬೇರೆ ಕಡಲುಗಳಿಗಿಂತ ಹೆಚ್ಚೇನೂ ಇಲ್ಲ.

ಅಲ್ಲಿ ‘ಮಾಯವಾದ’ ಪಟ್ಟಿಯಲ್ಲಿದ್ದ ಕೊಟೊಪಾಕ್ಸಿ ಎಂಬ ಹಡಗು 1925ರಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತ್ತು. ಅದರ ಅವಶೇಷ ಫ್ಲಾರಿಡಾ ತೀರದ ಬಳಿಯೇ ಇದೆಯೆಂದು 2020ರಲ್ಲಿ ಗುರುತಿಸಲಾಯಿತು. 1918ರಲ್ಲಿ 306 ಜನರೊಂದಿಗೆ ಕಾಣೆಯಾದ ಅಮೆರಿಕ ನೌಕಾಪಡೆಯ ಸೈಕ್ಲಾಪ್ಸ್ ಮಾತ್ರ ಇನ್ನೂ ಸಿಕ್ಕಿಲ್ಲ. ಆದರೆ ಅದರ ಕಥೆ ಹೇಳುವವರು ಕೆಲವು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಅದು ಮ್ಯಾಂಗನೀಸ್ ಅದಿರನ್ನು ಭಾರವಾಗಿ ತುಂಬಿಕೊಂಡು, ಒಂದು ಎಂಜಿನ್ ಕೆಟ್ಟ ಸ್ಥಿತಿಯಲ್ಲೇ ಹೊರಟಿತ್ತು. ಅದೇ ಮಾದರಿಯ ಇನ್ನೆರಡು ಹಡಗುಗಳೂ 1941ರಲ್ಲಿ ಅದಿರು ಹೊತ್ತು ಹೋಗುವಾಗ ಸುಳಿವಿಲ್ಲದೆ ಮುಳುಗಿದವು. ನನ್ನ ಅನುಮಾನ ಆ ಮಾದರಿಯ ಕಟ್ಟುವಿಕೆಯ ಮೇಲೆ, ತ್ರಿಕೋನದ ಮೇಲಲ್ಲ.

ಐದು ಯುದ್ಧವಿಮಾನಗಳು ಒಟ್ಟಿಗೆ ಮಾಯವಾದವಂತೆ, ಹುಡುಕಲು ಹೋದ ವಿಮಾನವೂ ಬರಲಿಲ್ಲವಂತೆ. ಅದಕ್ಕೇನು ಹೇಳುತ್ತೀರಿ?

ಘಟನೆ ನಿಜ. 1945ರ ಡಿಸೆಂಬರ್ 5ರ ಮಧ್ಯಾಹ್ನ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ನೆಲೆಯಿಂದ ಐದು ಅವೆಂಜರ್ ವಿಮಾನಗಳು 14 ಜನರೊಂದಿಗೆ ತರಬೇತಿಗೆ ಹೊರಟವು. ದಾರಿ ಸರಳ: ಪೂರ್ವಕ್ಕೆ ಹೋಗಿ, ಉತ್ತರಕ್ಕೆ ತಿರುಗಿ, ಹಿಂದಿರುಗುವುದು. ಮುಂದಾಳು ಚಾರ್ಲ್ಸ್ ಟೇಲರ್ ತಮ್ಮ ದಿಕ್ಸೂಚಿಗಳು ಕೆಟ್ಟಿವೆ ಎಂದು ರೇಡಿಯೊದಲ್ಲಿ ತಿಳಿಸಿದರು. ಕೆಳಗೆ ಕಂಡ ದ್ವೀಪಗಳು ಫ್ಲಾರಿಡಾದ ದಕ್ಷಿಣ ತುದಿಯ ಕೀಸ್ ದ್ವೀಪಗಳೆಂದು ಅವರಿಗೆ ಅನ್ನಿಸಿತು. ನಿಜದಲ್ಲಿ ಅವರು ಇದ್ದದ್ದು ಬಹಾಮಾಸ್ ಮೇಲೆ. ಒಂದು ತಪ್ಪೆಣಿಕೆಯಿಂದ ಎಲ್ಲವೂ ತಲೆಕೆಳಗಾಯಿತು. ನೆಲ ಪಶ್ಚಿಮಕ್ಕಿದ್ದಾಗ ಈಶಾನ್ಯಕ್ಕೂ ಪೂರ್ವಕ್ಕೂ ಹಾರಿದರು. ಕತ್ತಲಾಯಿತು, ಹವೆ ಕೆಟ್ಟಿತು, ಇಂಧನ ಮುಗಿಯುತ್ತ ಬಂತು. ಯಾರದಾದರೂ ಇಂಧನ ಹತ್ತು ಗ್ಯಾಲನ್‌ಗೆ ಇಳಿದ ಕೂಡಲೇ ಎಲ್ಲರೂ ಒಟ್ಟಿಗೆ ನೀರಿಗಿಳಿಯೋಣ ಎಂಬ ಮಾತು ರೇಡಿಯೊದಲ್ಲಿ ಕೇಳಿಸಿತ್ತು. ಬಿರುಸಾದ ಅಲೆಗಳ ಮೇಲೆ, ರಾತ್ರಿ, ಅಷ್ಟು ಭಾರದ ವಿಮಾನ ಇಳಿದರೆ ಉಳಿಯುವುದಿಲ್ಲ.

ಹುಡುಕಲು ಹೊರಟ ಮ್ಯಾರಿನರ್ ವಿಮಾನದಲ್ಲಿ 13 ಜನರಿದ್ದರು. ಇಂಧನದ ಆವಿ ಒಳಗೆ ಸೇರಿಕೊಳ್ಳುತ್ತದೆ ಎಂಬ ಕೆಟ್ಟ ಹೆಸರು ಆ ಮಾದರಿಗೆ ಮೊದಲೇ ಇತ್ತು. ಅದು ಹಾರಿದ ಅರ್ಧ ಗಂಟೆಯೊಳಗೆ ಗೇನ್ಸ್ ಮಿಲ್ಸ್ ಎಂಬ ಹಡಗಿನವರು ಬೆಂಕಿಯ ಜ್ವಾಲೆಯನ್ನು ಕಂಡರು, ನೀರಿನ ಮೇಲೆ ತೈಲ ಹರಡಿದ್ದನ್ನೂ ಕಂಡರು. ಆ ವಿಮಾನ ಸ್ಫೋಟಿಸಿತ್ತು.

ಹಾಗಾದರೆ ನಿಗೂಢತೆ ಎಲ್ಲಿಂದ ಬಂತು? ನೌಕಾಪಡೆ ಮೊದಲು ತಪ್ಪನ್ನು ಟೇಲರ್ ಮೇಲೆ ಹೊರಿಸಿತ್ತು. ಶವವೂ ವಿಮಾನವೂ ಸಿಗದೆ ಮಗನನ್ನು ದೂಷಿಸುವುದು ಸರಿಯಲ್ಲ ಎಂದು ಅವರ ತಾಯಿ ಪಟ್ಟು ಹಿಡಿದರು. ಕೊನೆಗೆ ವರದಿಯಲ್ಲಿ ಕಾರಣ ಗೊತ್ತಿಲ್ಲ ಎಂದು ತಿದ್ದಲಾಯಿತು. ಒಬ್ಬ ತಾಯಿಯ ನ್ಯಾಯವಾದ ಬೇಡಿಕೆಯಿಂದ ಬಂದ ಆ ಸಾಲನ್ನೇ ಹಿಡಿದು ಮುಂದಿನ ತಲೆಮಾರು ದಂತಕಥೆ ಕಟ್ಟಿತು.

ಮೇರಿ ಸೆಲೆಸ್ಟ್ ಹಡಗಿನಲ್ಲಿ ಚಹಾ ಇನ್ನೂ ಬಿಸಿಯಾಗಿತ್ತು, ಜನ ಮಾತ್ರ ಇರಲಿಲ್ಲ ಎಂಬುದು ನಿಜವೇ?

ಬಿಸಿ ಚಹಾ ಶುದ್ಧ ಕಟ್ಟುಕಥೆ. 1872ರ ಡಿಸೆಂಬರ್‌ನಲ್ಲಿ ಆ ಹಡಗು ಖಾಲಿಯಾಗಿ ತೇಲುತ್ತ ಸಿಕ್ಕಿದ್ದು ಮಾತ್ರ ನಿಜ. ದಿನಚರಿಯ ಕೊನೆಯ ನಮೂದು ನವೆಂಬರ್ 25ರದ್ದು, ಅಂದರೆ ಹತ್ತಿರ ಹತ್ತಿರ ಹತ್ತು ದಿನ ಹಳೆಯದು. ಹಡಗಿನಲ್ಲಿದ್ದ ಒಂದೇ ಒಂದು ದೋಣಿ ಕಾಣೆಯಾಗಿತ್ತು. ಕ್ಯಾಪ್ಟನ್ ಬ್ರಿಗ್ಸ್, ಅವರ ಹೆಂಡತಿ, ಪುಟ್ಟ ಮಗಳು ಸೇರಿ ಹತ್ತು ಜನ ಆ ದೋಣಿಗೆ ಇಳಿದಿರಬೇಕು. ಹಡಗಿನಲ್ಲಿ ಇದ್ದದ್ದು 1,701 ಪೀಪಾಯಿ ಆಲ್ಕೋಹಾಲ್, ಅದರಲ್ಲಿ ಒಂಬತ್ತು ಖಾಲಿಯಾಗಿದ್ದವು. ಆವಿ ಹೊತ್ತಿಕೊಂಡು ಹಡಗು ಸಿಡಿಯಬಹುದೆಂದು ಹೆದರಿ ಸ್ವಲ್ಪ ಹೊತ್ತಿಗೆಂದು ಇಳಿದವರು ಮತ್ತೆ ಹತ್ತಲಾಗಲಿಲ್ಲ ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

## ನಮ್ಮ ಕಡಲಿನವು

ಭಾರತದ ಸುತ್ತ ಇಂಥದ್ದು ನಡೆದಿಲ್ಲವೇ? ಯಾವಾಗಲೂ ಅಮೆರಿಕದ ಕಥೆಗಳೇ ಏಕೆ?

ನಡೆದಿದೆ, ನಾವು ಮರೆತಿದ್ದೇವೆ. 1888ರ ನವೆಂಬರ್ 8ರಂದು ಕಛ್‌ನ ಮಾಂಡವಿಯಿಂದ ಮುಂಬಯಿಗೆ ಹೊರಟ ವೈತರಣಾ ಎಂಬ ಉಗಿಹಡಗು ಬಿರುಗಾಳಿಗೆ ಸಿಕ್ಕಿ ಗುಜರಾತ್ ತೀರದಾಚೆ ಕಾಣೆಯಾಯಿತು. ಒಳಗೆ ವಿದ್ಯುದ್ದೀಪಗಳಿದ್ದ ಕಾರಣ ಜನ ಅದನ್ನು ‘ವೀಜಳಿ’ ಎಂದೇ ಕರೆಯುತ್ತಿದ್ದರು. ಮದುವೆಗೆ ಹೊರಟವರು, ಮೆಟ್ರಿಕ್ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು ಅದರಲ್ಲಿದ್ದರು ಎನ್ನುತ್ತಾರೆ. ಸತ್ತವರು ಏಳುನೂರಕ್ಕೂ ಹೆಚ್ಚು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ. ಗುಜರಾತಿನಲ್ಲಿ ಅದರ ಹಾಡುಗಳಿವೆ. ಹಡಗಿನ ಅವಶೇಷ ಸಿಗಲಿಲ್ಲ.

ನಮ್ಮ ಕಾಲದ್ದು ವಾಯುಪಡೆಯ ಎಎನ್-32. 2016ರ ಜುಲೈ 22ರ ಬೆಳಿಗ್ಗೆ ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ 29 ಜನರೊಂದಿಗೆ ಹೊರಟ ವಿಮಾನ ಬಂಗಾಳ ಕೊಲ್ಲಿಯ ಮೇಲೆ ರಾಡಾರಿನಿಂದ ಮರೆಯಾಯಿತು. ಹಡಗುಗಳು, ವಿಮಾನಗಳು, ಒಂದು ಜಲಾಂತರ್ಗಾಮಿ ಸೇರಿ ಹುಡುಕಿದರೂ ಏನೂ ದೊರೆಯಲಿಲ್ಲ. ಏಳೂವರೆ ವರ್ಷಗಳ ನಂತರ, 2024ರ ಜನವರಿಯಲ್ಲಿ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ಜಲವಾಹನ 3,400 ಮೀಟರ್ ಆಳದಲ್ಲಿ ತೆಗೆದ ಚಿತ್ರಗಳಲ್ಲಿ ಅವಶೇಷ ಕಂಡಿತು. ಆ ಪ್ರದೇಶದಲ್ಲಿ ಬೇರಾವ ವಿಮಾನವೂ ಕಾಣೆಯಾಗಿರಲಿಲ್ಲ, ಚಿತ್ರಗಳೂ ಎಎನ್-32ಕ್ಕೆ ಹೊಂದಿದವು. ಅಷ್ಟು ಆಳದಲ್ಲಿ ನಮ್ಮದೇ ಸಂಸ್ಥೆ ಅದನ್ನು ಪತ್ತೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಎಂಬ ಬೇಸರ ನನಗಿದೆ.

ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟಿಗೆ ಏನಾಯಿತು?

ಕರಾವಳಿಯಲ್ಲಿ ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಇದು. 2018ರ ಡಿಸೆಂಬರ್ 13ರಂದು ಈ ಆಳಸಮುದ್ರದ ಬೋಟು ಏಳು ಮಂದಿಯೊಂದಿಗೆ ಮಲ್ಪೆ ಬಂದರಿನಿಂದ ಹೊರಟಿತು. ಇಬ್ಬರು ಉಡುಪಿ ಕಡೆಯವರು, ಐವರು ಉತ್ತರ ಕನ್ನಡದವರು. ಡಿಸೆಂಬರ್ 15ರ ನಂತರ ಸಂಪರ್ಕ ಕಡಿಯಿತು. ಆಳಸಮುದ್ರಕ್ಕೆ ಹೋದ ಬೋಟು ಹತ್ತಾರು ದಿನ ಹೊರಗಿರುವುದು ವಾಡಿಕೆ. ಹಾಗಾಗಿ ಆತಂಕ ಹುಟ್ಟುವಷ್ಟರಲ್ಲೇ ದಿನಗಳು ಕಳೆದಿದ್ದವು.

ಆಮೇಲೆ ಹಬ್ಬಿದ ವದಂತಿಗಳಿಗೆ ಲೆಕ್ಕವಿಲ್ಲ. ಕಡಲ್ಗಳ್ಳರು ಒಯ್ದರು, ಬೇರೆ ದೇಶದವರು ಹಿಡಿದಿಟ್ಟಿದ್ದಾರೆ, ಎಲ್ಲೋ ಜೀವಂತ ಇದ್ದಾರೆ. ಮನೆಯವರು ಈ ಒಂದೊಂದು ಮಾತನ್ನೂ ನಂಬಿ ಕಾದರು. 2019ರ ಜನವರಿಯಲ್ಲಿ ಮೀನುಗಾರರು ಬಲೆ, ಬೋಟು ಬಿಟ್ಟು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದ ಮೇಲೆ ಹುಡುಕಾಟಕ್ಕೆ ಬಿರುಸು ಬಂತು. ಮೇ ತಿಂಗಳ ಮೊದಲ ದಿನಗಳಲ್ಲಿ ನೌಕಾಪಡೆಯ ಐಎನ್ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ತೀರದಾಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ಪತ್ತೆಹಚ್ಚಿತು. ಬೋಟನ್ನು ಬಲ್ಲ ಮಲ್ಪೆಯ ಮೀನುಗಾರರೂ ಆ ಹಡಗಿನಲ್ಲಿದ್ದರು.

ಮುಳುಗಿದ್ದು ಹೇಗೆ? ಯುದ್ಧನೌಕೆಯೊಂದು ಡಿಕ್ಕಿ ಹೊಡೆದಿದೆ ಎಂದು ಮೀನುಗಾರರು ದೂರಿದರು. ಅದು ಇಂದಿಗೂ ಅವರ ದೂರು. ಸಾಬೀತಾದ ಸಂಗತಿ ಎಂದು ನಾನು ಬರೆಯಲಾರೆ, ತಳ್ಳಿಹಾಕುವ ಹಕ್ಕೂ ನನಗಿಲ್ಲ. ಇಷ್ಟನ್ನು ಮಾತ್ರ ಖಚಿತವಾಗಿ ಹೇಳುತ್ತೇನೆ: 60 ಮೀಟರ್ ಎಂದರೆ ಮುಳುಗುಗಾರರು ಇಳಿಯಬಲ್ಲ ಆಳ. ಅಲ್ಲಿದ್ದ ಬೋಟು ಸಿಗಲು ನಾಲ್ಕೂವರೆ ತಿಂಗಳು ಹಿಡಿದದ್ದು ಕಡಲಿನ ತಪ್ಪಲ್ಲ. ಕೊನೆಯ ಸ್ಥಾನವನ್ನು ತಿಳಿಸುವ ಒಂದು ಸಂಕೇತ ಆ ರಾತ್ರಿ ದಡಕ್ಕೆ ಬಂದಿದ್ದರೆ ಹುಡುಕಾಟ ಮರುದಿನವೇ ಶುರುವಾಗುತ್ತಿತ್ತು.

ಬಿರುಗಾಳಿಯೇ ಇಲ್ಲದಾಗ, ಸಹಾಯ ಕೇಳಲೂ ಆಗದಷ್ಟು ಬೇಗ ದೊಡ್ಡ ಹಡಗು ಮುಳುಗಬಹುದೇ?

ಮುಳುಗಬಹುದು. ಮಂಗಳೂರಿನವರಿಗೆ ಪರಿಚಯವಿರುವ ಕಾರಣವನ್ನೇ ಮೊದಲು ಹೇಳುತ್ತೇನೆ. ಕಬ್ಬಿಣದ ಅದಿರಿನ ಪುಡಿಯನ್ನು ಮಳೆಗಾಲದಲ್ಲಿ ಬಯಲಲ್ಲಿ ರಾಶಿ ಹಾಕಿ, ಒದ್ದೆಯಾಗಿಯೇ ಹಡಗಿಗೆ ತುಂಬಿದರೆ ನೋಡಲು ಗಟ್ಟಿಯಾಗಿಯೇ ಇರುತ್ತದೆ. ಎಂಜಿನ್ನಿನ ನಡುಕ, ಅಲೆಗಳ ಕುಲುಕಾಟಕ್ಕೆ ಕಣಗಳ ನಡುವಿನ ನೀರು ಒತ್ತಡಕ್ಕೆ ಸಿಕ್ಕಿ ಇಡೀ ರಾಶಿ ಕೆಸರಿನಂತೆ ಹರಿಯತೊಡಗುತ್ತದೆ. ಹಡಗು ವಾಲಿದ ಕಡೆಗೆ ಸಾವಿರಾರು ಟನ್ ಸರಿದರೆ ಅದು ಮತ್ತೆ ನೆಟ್ಟಗಾಗುವುದಿಲ್ಲ. 2009ರ ಜುಲೈನಲ್ಲಿ ನವಮಂಗಳೂರಿನಲ್ಲಿ ಅದಿರು ತುಂಬಿಕೊಂಡ ಏಷ್ಯನ್ ಫಾರೆಸ್ಟ್ ಹಡಗು ಹೀಗೆಯೇ ವಾಲಿ ಮುಳುಗಿತು. ದಡ ಹತ್ತಿರವಿದ್ದುದರಿಂದ ಸಿಬ್ಬಂದಿ ಬದುಕಿದರು. ನಡುಗಡಲಿನಲ್ಲಿ ಆಗಿದ್ದರೆ ಅದೂ ‘ನಿಗೂಢ’ ಪಟ್ಟಿಗೆ ಸೇರುತ್ತಿತ್ತು.

ಇನ್ನೊಂದು ಕಾರಣ ರಾಕ್ಷಸ ಅಲೆ. ಸುತ್ತಲಿನ ದೊಡ್ಡ ಅಲೆಗಳ ಎರಡರಷ್ಟು ಎತ್ತರಕ್ಕೆ ಒಂಟಿ ಅಲೆಯೊಂದು ಏಳುತ್ತದೆ ಎಂದು ನಾವಿಕರು ಹೇಳುತ್ತಲೇ ಬಂದಿದ್ದರು. ಪಂಡಿತರು ನಂಬಿರಲಿಲ್ಲ. 1978ರ ಡಿಸೆಂಬರ್‌ನಲ್ಲಿ ಜರ್ಮನಿಯ ಮ್ಯೂನ್ಶೆನ್ ಹಡಗು ಅಟ್ಲಾಂಟಿಕ್‌ನಲ್ಲಿ ಕಾಣೆಯಾಯಿತು. ಸಿಕ್ಕ ವಸ್ತುಗಳಲ್ಲಿ ಒಂದು ಜೀವರಕ್ಷಕ ದೋಣಿಯಿತ್ತು. ನೀರಿನಿಂದ 20 ಮೀಟರ್ ಎತ್ತರದಲ್ಲಿ ತೂಗುಹಾಕಿದ್ದ ಆ ದೋಣಿಯ ಉಕ್ಕಿನ ಪಿನ್ನುಗಳು ಮುಂದಿನಿಂದ ಹಿಂದಕ್ಕೆ ಬಾಗಿದ್ದವು. ಅಷ್ಟು ಎತ್ತರಕ್ಕೆ ಬಂದು ಹೊಡೆದದ್ದು ನೀರು. ಕೊನೆಗೆ 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ಅನಿಲಕಟ್ಟೆಯ ಮಾಪಕ 25 ಮೀಟರ್‌ಗೂ ಎತ್ತರದ ಅಲೆಯನ್ನು ದಾಖಲಿಸಿತು. ನಾವಿಕರ ಮಾತೇ ನಿಜವಾಯಿತು.

## ಹುಡುಕಾಟದ ಒಳಗೆ

ಎಂಎಚ್370 ದಕ್ಷಿಣಕ್ಕೆ ಹೋಯಿತು ಎಂದು ಯಾರೂ ನೋಡಲಿಲ್ಲವಲ್ಲ, ಹೇಗೆ ಹೇಳಿದರು?

2014ರ ಮಾರ್ಚ್ 8ರ ನಸುಕಿನಲ್ಲಿ ಕ್ವಾಲಾಲಂಪುರದಿಂದ ಬೀಜಿಂಗ್‌ಗೆ 239 ಜನರೊಂದಿಗೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಬೋಯಿಂಗ್ 777 ವಿಮಾನ ಅದು. ಐವರು ಭಾರತೀಯರೂ ಅದರಲ್ಲಿದ್ದರು. 1.19ಕ್ಕೆ ಕೊನೆಯ ಮಾತು ಕೇಳಿಬಂತು. ಎರಡು ನಿಮಿಷದಲ್ಲಿ ವಿಮಾನದ ಗುರುತು ಪರದೆಯಿಂದ ಅಳಿಯಿತು. ಅದು ತಿರುಗಿ ಮಲಯ ಪರ್ಯಾಯದ್ವೀಪವನ್ನು ದಾಟಿದ್ದನ್ನು ಸೇನೆಯ ರಾಡಾರ್ 2.22ರವರೆಗೆ ದಾಖಲಿಸಿದೆ. ಆಮೇಲೆ ಉಳಿದದ್ದು ಒಂದೇ ಎಳೆ: ಹಿಂದೂ ಮಹಾಸಾಗರದ ಮೇಲಿದ್ದ ಇನ್ಮಾರ್ಸಾಟ್ ಉಪಗ್ರಹ.

ವಿಮಾನದಿಂದ ಕೆಲ ಹೊತ್ತು ಸುದ್ದಿಯಿಲ್ಲದಿದ್ದರೆ ನೆಲದ ಕೇಂದ್ರ ಗಂಟೆಗೊಮ್ಮೆ ಉಪಗ್ರಹದ ಮೂಲಕ ‘ಇದ್ದೀಯಾ?’ ಎಂದು ವಿಚಾರಿಸುತ್ತದೆ. ವಿಮಾನದ ಉಪಕರಣ ತಾನಾಗಿ ‘ಇದ್ದೇನೆ’ ಎನ್ನುತ್ತದೆ. ಆ ಉತ್ತರದಲ್ಲಿ ಸ್ಥಳದ ವಿವರ ಇರಲಿಲ್ಲ. ಆದರೆ ಉತ್ತರ ಬರಲು ಹಿಡಿದ ಕಾಲದಿಂದ ಉಪಗ್ರಹಕ್ಕೂ ವಿಮಾನಕ್ಕೂ ಇದ್ದ ದೂರ ಸಿಗುತ್ತದೆ. ಆ ದೂರದಲ್ಲಿರುವ ಎಲ್ಲ ಜಾಗಗಳನ್ನು ಭೂಪಟದ ಮೇಲೆ ಗುರುತಿಸಿದರೆ ಒಂದು ಬಳೆಯಾಗುತ್ತದೆ. ವಿಮಾನ ಆ ಹೊತ್ತಿಗೆ ಬಳೆಯ ಮೇಲೆ ಎಲ್ಲೋ ಇತ್ತು. ಹೀಗೆ ಒಂದೊಂದು ಹೊತ್ತಿನ ಸಂಕೇತಕ್ಕೂ ಒಂದೊಂದು ಬಳೆ. ಉತ್ತರಕ್ಕೋ ದಕ್ಷಿಣಕ್ಕೋ ಎಂಬುದನ್ನು ಹೇಳಿದ್ದು ವಿಮಾನದ ಚಲನೆಯಿಂದ ಸಂಕೇತದ ಆವರ್ತನದಲ್ಲಾದ ಸೂಕ್ಷ್ಮ ಏರುಪೇರು, ಅಂದರೆ ಡಾಪ್ಲರ್ ಪರಿಣಾಮ. ಅದು ದಕ್ಷಿಣದ ದಾರಿಗೇ ಹೊಂದಿತು.

ಕೊನೆಯ ಸಂಕೇತ 8.19ಕ್ಕೆ, ಏಳನೆಯ ಬಳೆಯ ಮೇಲೆ. ಅದು ಕೇಂದ್ರದ ಪ್ರಶ್ನೆಗೆ ಬಂದ ಉತ್ತರವಾಗಿರಲಿಲ್ಲ. ವಿಮಾನವೇ ಸಂಪರ್ಕ ಕೋರಿತ್ತು. ವಿದ್ಯುತ್ ಹೋಗಿ ಮತ್ತೆ ಬಂದಾಗ ಹೀಗಾಗುತ್ತದೆ. ಇಂಧನ ಮುಗಿದು ಎಂಜಿನ್ನುಗಳು ನಿಂತ ಹೊತ್ತಿಗೆ ಅದು ಸರಿಹೊಂದುತ್ತದೆ. ಸ್ಥಳ ತಿಳಿಸಲೆಂದು ಮಾಡಿರದ ವ್ಯವಸ್ಥೆಯಿಂದ ಇಷ್ಟನ್ನು ಹಿಂಡಿ ತೆಗೆದ ಆ ಎಂಜಿನಿಯರುಗಳ ಮೇಲೆ ನನಗೆ ಅಪಾರ ಗೌರವವಿದೆ.

ಹಾಗಿದ್ದರೆ ಇನ್ನೂ ಏಕೆ ಸಿಕ್ಕಿಲ್ಲ? ಸಿಕ್ಕಿದ ರೆಕ್ಕೆಯ ತುಂಡು ಅದರದ್ದೇ ಹೌದೇ?

ತುಂಡು ಅದರದ್ದೇ. 2015ರ ಜುಲೈ 29ರಂದು ರಿಯೂನಿಯನ್ ದ್ವೀಪದ ದಂಡೆಯಲ್ಲಿ ಸಿಕ್ಕ ಫ್ಲ್ಯಾಪೆರಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ) ಭಾಗದೊಳಗಿನ ಸಂಖ್ಯೆಗಳು ತಯಾರಕರ ದಾಖಲೆಗೆ ತಾಳೆಯಾದವು. ಮುಂದೆ ತಾಂಜಾನಿಯಾ, ಮಾರಿಷಸ್ ತೀರಗಳಲ್ಲೂ ಅದರ ಭಾಗಗಳು ದೊರೆತವು. ತಳದಲ್ಲಿನ ಮುಖ್ಯ ಅವಶೇಷ ಸಿಗದಿರಲು ಕಾರಣ ಬಳೆಯ ಉದ್ದ. 2017ರ ಜನವರಿಯವರೆಗೆ 1,20,000 ಚದರ ಕಿ.ಮೀ. ಜಾಲಾಡಿದರು. 2018ರಲ್ಲಿ ಓಷನ್ ಇನ್ಫಿನಿಟಿ ಕಂಪನಿ ಇನ್ನೂ 1,12,000 ಚದರ ಕಿ.ಮೀ. ನೋಡಿತು. ಎರಡೂ ಸೇರಿದರೆ ಕರ್ನಾಟಕದ ವಿಸ್ತೀರ್ಣಕ್ಕಿಂತ ಹೆಚ್ಚು. ಮೊದಲ ಹುಡುಕಾಟದಲ್ಲಿ 19ನೇ ಶತಮಾನದ ಹಡಗುಗಳ ಅವಶೇಷಗಳು ಸಿಕ್ಕವು, ವಿಮಾನ ಸಿಗಲಿಲ್ಲ. 2025ರ ಮಾರ್ಚ್‌ನಲ್ಲಿ ಮಲೇಷ್ಯಾ ಸರ್ಕಾರ ಅದೇ ಕಂಪನಿಯ ಹೊಸ ಹುಡುಕಾಟಕ್ಕೆ ಒಪ್ಪಿತು. ಷರತ್ತು: ಸಿಕ್ಕರೆ 7 ಕೋಟಿ ಡಾಲರ್, ಸಿಗದಿದ್ದರೆ ಬಿಡಿಗಾಸೂ ಇಲ್ಲ.

ಪೈಲಟ್ಟೇ ಮಾಡಿದ್ದಲ್ಲವೇ?

2018ರ ತನಿಖಾ ವರದಿ, ವಿಮಾನವನ್ನು ಕೈಯಿಂದಲೇ ತಿರುಗಿಸಲಾಗಿದೆ ಎಂದಿದೆ, ಮೂರನೆಯವರ ಕೈವಾಡವನ್ನೂ ಅಲ್ಲಗಳೆದಿಲ್ಲ. ಯಾರು, ಏಕೆ ಎಂದು ತೀರ್ಮಾನಿಸಲಾಗಲಿಲ್ಲ ಎಂದು ನೇರವಾಗಿ ಬರೆದಿದೆ. ತನಿಖಾಧಿಕಾರಿಗಳು ನಿಲ್ಲಿಸಿದಲ್ಲೇ ನಾನೂ ನಿಲ್ಲುತ್ತೇನೆ.

ಬ್ಲ್ಯಾಕ್ ಬಾಕ್ಸ್ ನೀರಿನಲ್ಲೂ ಸಂಕೇತ ಕಳಿಸುತ್ತದಲ್ಲ?

ಕಳಿಸುತ್ತದೆ, ಆದರೆ ಅದು ಶಬ್ದದ ಸಂಕೇತ. 37.5 ಕಿಲೋಹರ್ಟ್ಸ್‌ನ ಆ ಮಿಡಿತ ಎರಡು ಮೂರು ಕಿ.ಮೀ. ದೂರಕ್ಕಷ್ಟೇ ಕೇಳಿಸುತ್ತದೆ. ನಾಲ್ಕು ಕಿ.ಮೀ. ಆಳದಲ್ಲಿದ್ದರೆ ಮೇಲಿನ ಹಡಗಿಗೆ ಕೇಳಿಸುವುದೇ ಕಷ್ಟ. ಹಳೆಯ ನಿಯಮದಂತೆ ಬ್ಯಾಟರಿ 30 ದಿನ, ಈಗ 90 ದಿನ. ಎಂಎಚ್370ರ ಹಾರಾಟ ದಾಖಲಿಸುವ ಪೆಟ್ಟಿಗೆಯ ಸಂಕೇತ ಸಾಧನದ ಬ್ಯಾಟರಿ ಅವಧಿ 2012ರ ಡಿಸೆಂಬರ್‌ನಲ್ಲೇ ತೀರಿತ್ತು. ಬದಲಾಯಿಸಿರಲಿಲ್ಲ. ಇದನ್ನು ಓದಿದಾಗ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಏರ್ ಫ್ರಾನ್ಸ್ 447 ಎರಡು ವರ್ಷದ ಮೇಲೆ ಸಿಕ್ಕಿತಲ್ಲ. ಅಲ್ಲಿ ಬೇರೆ ಏನು ಮಾಡಿದರು?

ಲೆಕ್ಕವನ್ನು ತಿದ್ದಿದರು. ರಿಯೊದಿಂದ ಪ್ಯಾರಿಸ್‌ಗೆ ಹೊರಟು 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿದ್ದ ಆ ವಿಮಾನದ 228 ಜನರೂ ಸತ್ತರು. ಕೊನೆಯ ಸ್ಥಾನ ಗೊತ್ತಿತ್ತು. ಅದರ ಸುತ್ತ ಮೊದಲು ಮಾಡಿದ್ದು ಕಿವಿಗೊಟ್ಟು ಹುಡುಕುವ ಕೆಲಸ, ಅಂದರೆ ಬ್ಲ್ಯಾಕ್ ಬಾಕ್ಸ್ ಮಿಡಿತಕ್ಕಾಗಿ ಕಾದದ್ದು. ಏನೂ ಕೇಳಿಸಲಿಲ್ಲ. ‘ಕೇಳಿಸಲಿಲ್ಲ, ಆದ್ದರಿಂದ ಇಲ್ಲಿಲ್ಲ’ ಎಂದು ಆ ಪ್ರದೇಶವನ್ನು ಬದಿಗಿಟ್ಟು ದೂರದಲ್ಲಿ ಹುಡುಕಿದರು.

ಆಮೇಲೆ ಸಂಭವನೀಯತೆಯ ಲೆಕ್ಕ ಹಾಕುವ ತಜ್ಞರ ತಂಡವೊಂದು ಎಲ್ಲ ಮಾಹಿತಿಯನ್ನು ಹೊಸದಾಗಿ ತೂಗಿತು. ಎರಡೂ ಸಂಕೇತ ಸಾಧನಗಳು ಅಪ್ಪಳಿಕೆಗೇ ಕೆಟ್ಟಿದ್ದರೆ? ಹಾಗೆಂದುಕೊಂಡ ಕೂಡಲೇ ಬದಿಗಿಟ್ಟಿದ್ದ ಪ್ರದೇಶವೇ ನಕ್ಷೆಯಲ್ಲಿ ಅತಿ ಹೆಚ್ಚು ಸಾಧ್ಯತೆಯ ಜಾಗವಾಯಿತು. 2011ರ ಏಪ್ರಿಲ್‌ನಲ್ಲಿ ಸ್ವಯಂಚಾಲಿತ ಜಲವಾಹನಗಳನ್ನು ಅಲ್ಲಿಗೆ ಇಳಿಸಿದರು. ಕೊನೆಯ ಸ್ಥಾನದಿಂದ ಹನ್ನೆರಡು ಕಿ.ಮೀ.ಗಳಷ್ಟೇ ದೂರದಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ, ಸಪಾಟಾದ ಹೂಳಿನ ಮೇಲೆ ಅವಶೇಷ ಹರಡಿಕೊಂಡಿತ್ತು. ಬ್ಲ್ಯಾಕ್ ಬಾಕ್ಸ್‌ಗಳು ಮೇಲೆ ಬಂದವು. ವೇಗ ಅಳೆಯುವ ಪಿಟೋ ನಳಿಕೆಗಳಲ್ಲಿ ಹಿಮ ಕಟ್ಟಿ, ವೇಗದ ಮಾಹಿತಿ ಗೋಜಲಾಗಿ, ಪೈಲಟ್‌ಗಳು ವಿಮಾನದ ಮೂತಿಯನ್ನು ಎತ್ತುತ್ತಲೇ ಹೋಗಿ ಹಿಡಿತ ಕಳೆದುಕೊಂಡರು ಎಂಬುದು ತಿಳಿಯಿತು. ಪೈಲಟ್ ತರಬೇತಿಯೇ ಅದರಿಂದ ಬದಲಾಯಿತು.

ಈಗ ಮೀನುಗಾರರಿಗೆ ಯಾವ ರಕ್ಷಣೆ ಇದೆ? ಬೋಟು ಹೇಳಿದ ದಿನಕ್ಕೆ ಬಾರದಿದ್ದರೆ ಏನು ಮಾಡಬೇಕು?

ಇಸ್ರೊ ರೂಪಿಸಿದ ಡ್ಯಾಟ್ ಎಂಬ ಅಪಾಯ ಸೂಚಕ ಉಪಕರಣವಿದೆ. ಗುಂಡಿ ಒತ್ತಿದರೆ ಬೋಟಿನ ಗುರುತು, ಸ್ಥಾನ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿರುವ ಇಸ್ರೊ ನಿಯಂತ್ರಣ ಕೇಂದ್ರಕ್ಕೆ ಬಂದು, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ತಲುಪುತ್ತದೆ. ಹೊಸ ಮಾದರಿಯಲ್ಲಿ ‘ನಿಮ್ಮ ಕರೆ ತಲುಪಿದೆ’ ಎಂಬ ಮರುಸಂದೇಶ ಬೋಟಿಗೆ ಹೋಗುತ್ತದೆ. ಕತ್ತಲಲ್ಲಿ ನೀರು ನುಗ್ಗುತ್ತಿರುವ ಬೋಟಿನ ತಾಂಡೇಲನಿಗೆ (ಬೋಟು ನಡೆಸುವವನಿಗೆ) ಆ ಒಂದು ಸಾಲು ಎಷ್ಟು ಧೈರ್ಯ ಕೊಡುತ್ತದೆ ಎಂದು ಊಹಿಸಿಕೊಳ್ಳಿ. ಉಪಕರಣ ಬೋಟಿನಲ್ಲಿದ್ದರೆ ಸಾಲದು, ಚಾರ್ಜ್ ಇರಬೇಕು, ಖಲಾಸಿಗಳೆಲ್ಲರಿಗೂ ಬಳಕೆ ಗೊತ್ತಿರಬೇಕು.

ಮನೆಯವರು ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಗೆ ತಡಮಾಡದೆ ಕರೆ ಮಾಡಬೇಕು. ಗಂಟೆಗೆ ಒಂದು ಕಿ.ಮೀ. ತೇಲಿಹೋದರೂ ಒಂದು ದಿನದಲ್ಲಿ ಹುಡುಕಬೇಕಾದ ಪ್ರದೇಶ 1,800 ಚದರ ಕಿ.ಮೀ., ಎರಡು ದಿನಕ್ಕೆ 7,200. ಬೋಟಿನ ಹೆಸರು, ನೋಂದಣಿ ಸಂಖ್ಯೆ, ಬಣ್ಣ, ಎಷ್ಟು ಜನ, ಕೊನೆಯ ಬಾರಿ ಮಾತಾಡಿದ್ದು ಎಷ್ಟು ಹೊತ್ತಿಗೆ, ಆಗ ಎಷ್ಟು ಮಾರು ಆಳದಲ್ಲಿದ್ದೇವೆ ಎಂದಿದ್ದರು, ಹತ್ತಿರದಲ್ಲಿ ಯಾರ ಬೋಟುಗಳಿದ್ದವು, ಡೀಸೆಲ್ ಎಷ್ಟಿತ್ತು: ಇವನ್ನು ಬೋಟು ಹೊರಡುವ ದಿನವೇ ಮನೆಯಲ್ಲಿ ಬರೆದಿಟ್ಟುಕೊಳ್ಳಿ.

ದೇಹ ಸಿಗದಿದ್ದರೆ ಮರಣ ಪ್ರಮಾಣಪತ್ರ ಯಾವಾಗ ಸಿಗುತ್ತದೆ?

ನಮ್ಮ ಸಾಕ್ಷ್ಯ ಕಾನೂನಿನ ಪ್ರಕಾರ ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತಿದ್ದಾರೆಂದು ಭಾವಿಸಬಹುದು. ಆ ಏಳು ವರ್ಷ ವಿಮೆ, ಪಿಂಚಣಿ, ಸಾಲ, ಆಸ್ತಿ ಎಲ್ಲವೂ ತೂಗಾಡುತ್ತವೆ. ದುರಂತ ಸ್ಪಷ್ಟವಾಗಿದ್ದರೆ ಸರ್ಕಾರ ಅಷ್ಟು ಕಾಯಿಸಬೇಕಿಲ್ಲ. 2004ರ ಸುನಾಮಿಯ ನಂತರ ವಿಶೇಷ ವಿಧಾನದಿಂದ ಬೇಗನೆ ಪ್ರಮಾಣಪತ್ರ ಕೊಡಲಾಯಿತು. ಎಎನ್-32ರಲ್ಲಿದ್ದವರ ವಿಷಯದಲ್ಲೂ ವಾಯುಪಡೆ ಕೆಲವೇ ತಿಂಗಳಲ್ಲಿ ತೀರ್ಮಾನಕ್ಕೆ ಬಂತು. ಆದ್ದರಿಂದ ಕುಟುಂಬದವರು ಪೊಲೀಸ್ ದೂರಿನ ಪ್ರತಿ, ಮೀನುಗಾರಿಕೆ ಇಲಾಖೆಗೆ ಕೊಟ್ಟ ಅರ್ಜಿ, ಹುಡುಕಾಟ ನಿಲ್ಲಿಸಿದ ಬಗ್ಗೆ ಬಂದ ಪತ್ರ, ಅವಶೇಷ ಸಿಕ್ಕಿದ್ದರೆ ಅದರ ವರದಿ, ಇವೆಲ್ಲವನ್ನೂ ಒಂದೆಡೆ ಇಟ್ಟುಕೊಂಡು ಜಿಲ್ಲಾಧಿಕಾರಿಗೆ ಮನವಿ ಸಲ್ಲಿಸಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ.